ರೆಪೊ ಏರುತ್ತಿದ್ದಾಗ ಬಾಂಡ್ ಇಳುವರಿ ಇಳಿದದ್ದೇಕೆ?

ಪ್ರಶ್ನೆ: ನಾನು ಸಾಗರದಲ್ಲಿರುವ ನಿವೃತ್ತ ಪ್ರೌಢಶಾಲಾ ಶಿಕ್ಷಕ. ನಿವೃತ್ತಿಯ ಹಣದಲ್ಲಿ ಒಂದು ಭಾಗವನ್ನು 2021ರ ಕೊನೆಯಲ್ಲಿ, ಸರ್ಕಾರಿ ಸಾಲಪತ್ರಗಳಲ್ಲಿ ಮಾತ್ರ ಹೂಡುವ ಒಂದು ಗಿಲ್ಟ್ ಫಂಡಿನಲ್ಲಿ ಇಟ್ಟಿದ್ದೆ. 2022ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ಬಡ್ಡಿದರ ಏರಿಸಿದಾಗ ಅದರ ಮೌಲ್ಯ ಕುಸಿಯಿತು. ಏರಿಕೆ ಇನ್ನೂ ಬಾಕಿ ಇದೆ ಎಂದು ಎಲ್ಲರೂ ಹೇಳುತ್ತಿದ್ದುದರಿಂದ ಜೂನ್ ಮಧ್ಯದಲ್ಲಿ ನಷ್ಟದಲ್ಲೇ ಹೊರಬಂದು ಒಂದು ವರ್ಷದ ಬ್ಯಾಂಕ್ ಠೇವಣಿ ಮಾಡಿದೆ. ಆಮೇಲೆ ರೆಪೊ ದರ ಇನ್ನೂ ನಾಲ್ಕು ಸಲ ಏರಿತು. ಆದರೆ ನಾನು ಬಿಟ್ಟುಬಂದ ಫಂಡ್ ಕುಸಿಯುವ ಬದಲು ಚೇತರಿಸಿಕೊಂಡಿತು. ಬಡ್ಡಿ ಏರಿದರೆ ಬಾಂಡ್ ಬೆಲೆ ಇಳಿಯುತ್ತದೆ ಎಂಬ ಪಾಠ ಸುಳ್ಳೇ? ಮುಂದೆ ಇಂಥ ಕಾಲ ಬಂದರೆ ನನ್ನಂಥವರು ಬಾಂಡ್ ಮಾರುಕಟ್ಟೆಯ ದಿಕ್ಕನ್ನು ಓದುವುದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿರುವ ತಿಂಗಳುಗಳೇ ಈ ಪ್ರಶ್ನೆಗೆ ಬಹುಪಾಲು ಉತ್ತರ ಹೇಳುತ್ತವೆ. ನೀವು ಹೊರಬಂದ 2022ರ ಜೂನ್ ಮಧ್ಯದಲ್ಲಿ ಹತ್ತು ವರ್ಷದ ಸರ್ಕಾರಿ ಸಾಲಪತ್ರದ ಇಳುವರಿ (ಆ ದಿನದ ಬೆಲೆಗೆ ಕೊಂಡು ಕೊನೆಯವರೆಗೆ ಇಟ್ಟುಕೊಂಡವರಿಗೆ ವರ್ಷಕ್ಕೆ ಸಿಗುವ ಗಳಿಕೆ) ಶೇ 7.6ರ ಆಸುಪಾಸಿನಲ್ಲಿತ್ತು, ಮತ್ತು ಆ ಇಡೀ ಏರಿಕೆಯ ಅವಧಿಯಲ್ಲಿ ಅದೇ ಅದರ ಶಿಖರವಾಗಿತ್ತು. ಆಗ ರೆಪೊ ದರ ಶೇ 4.90 ಮಾತ್ರ. ಅಲ್ಲಿಂದ ಅದು ಆಗಸ್ಟ್‌ನಲ್ಲಿ 5.40, ಸೆಪ್ಟೆಂಬರ್ 30ರಂದು 5.90, ಡಿಸೆಂಬರ್‌ನಲ್ಲಿ 6.25, 2023ರ ಫೆಬ್ರವರಿ 8ರಂದು 6.50 ಆಯಿತು. ಹೀಗೆ ರಿಸರ್ವ್ ಬ್ಯಾಂಕ್ ಇನ್ನೂ 1.60 ಶೇಕಡಾ ಅಂಶ ಏರಿಸಿ ಮುಗಿಸುವ ಹೊತ್ತಿಗೆ ಹತ್ತು ವರ್ಷದ ಇಳುವರಿ 7.3–7.4ರ ನಡುವೆ, ಅಂದರೆ ನೀವು ಮಾರಿದ ದಿನಕ್ಕಿಂತ ಕೆಳಗೆ ನಿಂತಿತ್ತು. ಪಾಠ ಸುಳ್ಳಲ್ಲ, ಆದರೆ ಪಾಠದಲ್ಲಿ ಬರುವ 'ಬಡ್ಡಿ' ಎಂಬ ಪದಕ್ಕೆ ರೆಪೊ ದರ ಎಂಬ ಅರ್ಥವಿಲ್ಲ. ಅದು ಆ ಸಾಲಪತ್ರಕ್ಕೆ ಮಾರುಕಟ್ಟೆ ಆ ದಿನ ಕೇಳುತ್ತಿರುವ ಇಳುವರಿ. ರೆಪೊ ದರ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಿಂದ ಅಲ್ಪಾವಧಿಗೆ ಪಡೆಯುವ ಹಣದ ಬೆಲೆ. ಹತ್ತು ವರ್ಷದ ಇಳುವರಿ ಮುಂದಿನ ಹತ್ತು ವರ್ಷಗಳ ಬಗ್ಗೆ ಸಾಲ ಕೊಡುವವರು ಇಂದು ಮಾಡಿಕೊಂಡಿರುವ ಅಂದಾಜು. ಎರಡನ್ನೂ ಒಂದೇ ಎಂದುಕೊಂಡದ್ದರಿಂದ ನಿಮಗೆ ನಷ್ಟವಾಯಿತು, ಮತ್ತು ಆ ವರ್ಷ ಹಾಗೆ ಅಂದುಕೊಂಡವರು ನೀವೊಬ್ಬರೇ ಅಲ್ಲ.

ಮೊದಲು ಬೆಲೆಯ ಲೆಕ್ಕವನ್ನು ಒಂದು ನಿಜವಾದ ಸಾಲಪತ್ರದಲ್ಲೇ ನೋಡೋಣ. 2022ರ ಜನವರಿಯಲ್ಲಿ ಕೇಂದ್ರ ಸರ್ಕಾರ ಶೇ 6.54 ಕೂಪನ್ನಿನ, 2032ರ ಜನವರಿಯಲ್ಲಿ ಅಸಲು ಮರಳಿಸುವ ಹೊಸ ಹತ್ತು ವರ್ಷದ ಸಾಲಪತ್ರವನ್ನು ಹರಾಜಿಗಿಟ್ಟಿತು. 100 ರೂಪಾಯಿ ಮುಖಬೆಲೆಗೆ ವರ್ಷಕ್ಕೆ 6.54 ರೂಪಾಯಿ, ಅದು ಅರ್ಧ ವರ್ಷಕ್ಕೊಮ್ಮೆ 3.27ರಂತೆ ಕೈಸೇರುತ್ತದೆ, ಮತ್ತು ಈ ಮೊತ್ತ ಹತ್ತು ವರ್ಷ ಬದಲಾಗುವುದಿಲ್ಲ. ಜೂನ್ ಮಧ್ಯದ ಹೊತ್ತಿಗೆ ಇದೇ ಅವಧಿಗೆ ಮಾರುಕಟ್ಟೆ 7.6 ಕೇಳತೊಡಗಿದಾಗ 6.54 ಮಾತ್ರ ಕೊಡುವ ಪತ್ರವನ್ನು ಯಾರೂ ನೂರು ರೂಪಾಯಿಗೆ ಕೊಳ್ಳಲಾರರು. ಕೊರತೆ ಬೀಳುವ ಸುಮಾರು ಒಂದು ರೂಪಾಯಿಯನ್ನು ಉಳಿದ ಒಂಬತ್ತೂವರೆ ವರ್ಷಗಳಿಗೂ ಇಂದೇ ಕಳೆದುಕೊಂಡು ಬೆಲೆ ಕಟ್ಟುತ್ತಾರೆ. ಲೆಕ್ಕ ಹಾಕಿದರೆ ಆ ಬೆಲೆ 93 ರೂಪಾಯಿಗೆ ತುಸು ಕಡಿಮೆ ಬರುತ್ತದೆ. ಐದು ತಿಂಗಳಲ್ಲಿ ನೂರಕ್ಕೆ ಏಳು ರೂಪಾಯಿ ಇಳಿಕೆ, ಎದುರಿಗೆ ಸೇರಿದ ಬಡ್ಡಿ ಮೂರು ರೂಪಾಯಿಯೂ ಇಲ್ಲ. ನಿಮ್ಮ ಫಂಡಿನಲ್ಲಿ ನಡೆದದ್ದು ಇದೇ. ಮೋಸವಾಗಲಿ, ಯಾರೋ ಸಾಲ ತೀರಿಸದೆ ಹೋದದ್ದಾಗಲಿ ಇದರಲ್ಲಿ ಇಲ್ಲ.

ಈಗ ನೀವು ಗಮನಿಸದೆ ಬಿಟ್ಟ ಭಾಗಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ಕಥೆ 2022ರ ಮೇ 4ರಿಂದ ಆರಂಭವಾಗುತ್ತದೆ. ಅಂದು ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಸಮಿತಿ ನಿಗದಿತ ಸಭೆಗೂ ಕಾಯದೆ ರೆಪೊ ದರವನ್ನು ಶೇ 4ರಿಂದ 4.40ಕ್ಕೆ ಏರಿಸಿತು, ಜತೆಗೆ ಬ್ಯಾಂಕುಗಳ ನಗದು ಮೀಸಲು ಅನುಪಾತವನ್ನು, ಅಂದರೆ ಅವು ಠೇವಣಿಯಲ್ಲಿ ರಿಸರ್ವ್ ಬ್ಯಾಂಕಿನ ಬಳಿ ಇಡಲೇಬೇಕಾದ ಪಾಲನ್ನು, ಅರ್ಧ ಅಂಶ ಹೆಚ್ಚಿಸಲಾಯಿತು. ಆದರೆ ಸಾಲಪತ್ರಗಳ ಮಾರುಕಟ್ಟೆಯ ಕಥೆ ಅದಕ್ಕೂ ನಾಲ್ಕು ತಿಂಗಳು ಮೊದಲೇ ಆರಂಭವಾಗಿತ್ತು. ಆ ವರ್ಷದ ಮೊದಲ ದಿನಗಳಲ್ಲಿ ಹತ್ತು ವರ್ಷದ ಇಳುವರಿ 6.45ರ ಸುತ್ತಮುತ್ತ ಇತ್ತು. ಫೆಬ್ರವರಿ 1ರ ಮುಂಗಡಪತ್ರದಲ್ಲಿ ಕೇಂದ್ರ ಸರ್ಕಾರ 2022–23ರಲ್ಲಿ ಒಟ್ಟು 14.95 ಲಕ್ಷ ಕೋಟಿ ರೂಪಾಯಿ ಸಾಲ ಎತ್ತುವುದಾಗಿ ಹೇಳಿತು. ಪೇಟೆಯವರು ಎಣಿಸಿದ್ದಕ್ಕಿಂತ ಇದು ಬಹಳ ದೊಡ್ಡ ಮೊತ್ತವಾದ್ದರಿಂದ ಅಂದೇ ಇಳುವರಿ ಜಿಗಿಯಿತು. ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ಯುದ್ಧ ಆರಂಭಿಸಿತು, ಮಾರ್ಚ್‌ನಲ್ಲಿ ಬ್ರೆಂಟ್ ಕಚ್ಚಾತೈಲ ಕೆಲಕಾಲ ಬ್ಯಾರೆಲ್ಲಿಗೆ 130 ಡಾಲರ್ ದಾಟಿತು. ಏಪ್ರಿಲ್ 8ರಂದು ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಮುಟ್ಟದೆ, ಬ್ಯಾಂಕುಗಳ ಹೆಚ್ಚುವರಿ ಹಣವನ್ನು ಹೀರಿಕೊಳ್ಳಲು ಸ್ಥಾಯಿ ಠೇವಣಿ ಸೌಲಭ್ಯ ಎಂಬ ಹೊಸ ವ್ಯವಸ್ಥೆಯನ್ನು ಶೇ 3.75ರ ದರದಲ್ಲಿ ತಂದಿತು. ಅಲ್ಲಿಯವರೆಗೆ ಆ ಕೆಲಸ ಮಾಡುತ್ತಿದ್ದ ರಿವರ್ಸ್ ರೆಪೊ ದರ 3.35 ಆಗಿತ್ತು. ಪತ್ರಿಕೆಗಳ ಮುಖಪುಟದಲ್ಲಿ 'ಬಡ್ಡಿದರ ಯಥಾಸ್ಥಿತಿ' ಎಂದು ಬಂದ ಆ ದಿನವೇ ಹತ್ತು ವರ್ಷದ ಇಳುವರಿ ಶೇ 7ನ್ನು ದಾಟಿತು.

ಮೇ 4ರ ಅನಿರೀಕ್ಷಿತ ಏರಿಕೆಯಿಂದ ಒಂದೇ ದಿನ ಇಳುವರಿ ಸುಮಾರು ಕಾಲು ಅಂಶ ಮೇಲೇರಿತು ಎಂಬುದು ನಿಜ. ಆದರೂ ಜನವರಿಯಿಂದ ಜೂನ್ ಶಿಖರದವರೆಗಿನ ಒಟ್ಟು ಏರಿಕೆಯಾದ ಸುಮಾರು 1.15 ಅಂಶದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ರೆಪೊ ದರ ಮೊದಲ ಬಾರಿ ಕದಲುವ ಮುನ್ನವೇ ಮುಗಿದಿತ್ತು. ನೀವು ಅಡಿಕೆ ಸೀಮೆಯವರು. ವಿದೇಶಿ ಅಡಿಕೆಯ ಆಮದಿಗೆ ಅನುಮತಿ ಸಿಗಲಿದೆ ಎಂಬ ಸುದ್ದಿ ಹಬ್ಬಿದ ದಿನವೇ ಮಂಡಿಯಲ್ಲಿ ಧಾರಣೆ ಇಳಿಯುವುದನ್ನು, ಮುಂದೆ ಹಡಗು ಬಂದರು ಮುಟ್ಟುವ ದಿನ ಧಾರಣೆ ಅಲುಗಾಡದೆ ಇರುವುದನ್ನು ಕಂಡೇ ಇರುತ್ತೀರಿ. ಸಾಲಪತ್ರಗಳ ಪೇಟೆಯಲ್ಲೂ ನಡೆಯುವುದು ಅದೇ. ಜೂನ್ ಮಧ್ಯದ 7.6ರಲ್ಲಿ ಮುಂದಿನ ನಾಲ್ಕು ಏರಿಕೆಗಳ ಬಹುಪಾಲು ಸೇರಿಯಾಗಿತ್ತು. ಆ ಏರಿಕೆಗಳು ನಿರೀಕ್ಷೆಗೆ ಹತ್ತಿರವಾಗಿಯೇ ಬಂದವು, ಅಷ್ಟರಲ್ಲಿ ತೈಲದ ಬೆಲೆ ಸೆಪ್ಟೆಂಬರ್ ಹೊತ್ತಿಗೆ 90 ಡಾಲರಿಗೆ ಇಳಿಯಿತು, ಇಳುವರಿಗೆ ಮೇಲೇರಲು ಹೊಸ ಕಾರಣ ಉಳಿಯಲಿಲ್ಲ. ಆದ್ದರಿಂದ ಏರಿಕೆಯ ಕಾಲದಲ್ಲಿ ನೀವು ಕೇಳಬೇಕಾದ ಪ್ರಶ್ನೆ, ರಿಸರ್ವ್ ಬ್ಯಾಂಕ್ ಇನ್ನೂ ಏರಿಸುತ್ತದೆಯೇ ಎಂಬುದಲ್ಲ. ಇಂದಿನ ಇಳುವರಿಯಲ್ಲಿ ಎಷ್ಟು ಏರಿಕೆ ಈಗಾಗಲೇ ಅಡಗಿದೆ, ರಿಸರ್ವ್ ಬ್ಯಾಂಕ್ ಅದಕ್ಕಿಂತ ಹೆಚ್ಚು ಮಾಡುತ್ತದೆಯೇ, ಕಡಿಮೆಯೇ ಎಂಬುದು.

ಎಷ್ಟು ಅಡಗಿದೆ ಎಂದು ತಿಳಿಯುವುದು ಹೇಗೆ? ಒಂದೇ ಇಳುವರಿಯನ್ನು ನೋಡುತ್ತಾ ಕುಳಿತರೆ ತಿಳಿಯುವುದಿಲ್ಲ. ಕನಿಷ್ಠ ಎರಡನ್ನು ಜೋಡಿಸಿ ನೋಡಬೇಕು: ಒಂದು, ರಿಸರ್ವ್ ಬ್ಯಾಂಕ್ ಪ್ರತಿ ಬುಧವಾರ ಹರಾಜು ಹಾಕುವ ಟ್ರೆಷರಿ ಬಿಲ್ಲುಗಳ (ಸರ್ಕಾರದ ಅಲ್ಪಾವಧಿ ಸಾಲಪತ್ರಗಳ) ಪೈಕಿ 364 ದಿನದ್ದು, ಇನ್ನೊಂದು, ಹತ್ತು ವರ್ಷದ ಸಾಲಪತ್ರ. ಮೊದಲನೆಯದು ರೆಪೊ ದರಕ್ಕೂ ಬ್ಯಾಂಕಿಂಗ್ ವ್ಯವಸ್ಥೆಯಲ್ಲಿರುವ ನಗದಿನ ಪ್ರಮಾಣಕ್ಕೂ ಕಟ್ಟುಬಿದ್ದದ್ದು. ಎರಡನೆಯದು ಹಣದುಬ್ಬರದ ದೂರದ ಅಂದಾಜು, ಸರ್ಕಾರದ ಸಾಲದ ಹೊರೆ, ವಿಮಾ ಕಂಪನಿಗಳ ಮತ್ತು ಭವಿಷ್ಯ ನಿಧಿಗಳ ಬೇಡಿಕೆ, ಅಮೆರಿಕದ ಇಳುವರಿ, ತೈಲ ಇವೆಲ್ಲಕ್ಕೂ ಕಿವಿಗೊಡುವಂಥದ್ದು. 2022ರ ಜನವರಿಯಲ್ಲಿ 364 ದಿನದ ಬಿಲ್ಲಿನ ಇಳುವರಿ 4.5ರ ಆಸುಪಾಸು, ಹತ್ತು ವರ್ಷದ್ದು 6.5ರ ಆಸುಪಾಸು, ನಡುವೆ ಸುಮಾರು ಎರಡು ಅಂಶದ ಅಂತರ. ಇಷ್ಟು ದೊಡ್ಡ ಅಂತರವೇ ಒಂದು ಹೇಳಿಕೆ: ಇಂದಿನ ಅಗ್ಗದ ಹಣ ಉಳಿಯುವುದಿಲ್ಲ ಎಂದು ದೀರ್ಘಾವಧಿ ಸಾಲ ಕೊಡುವವರು ಆಗಲೇ ಎಣಿಸಿದ್ದರು. ನೀವು ಹೊರಬಂದ ಜೂನ್‌ನಲ್ಲಿ ಒಂದು ವರ್ಷದ್ದು 6.2–6.3ಕ್ಕೆ ಏರಿ ಅಂತರ ಸುಮಾರು 1.3ಕ್ಕೆ ಇಳಿದಿತ್ತು. ಆ ಹೊತ್ತಿಗೆ 4.90ರಲ್ಲಿದ್ದ ರೆಪೊ ದರಕ್ಕಿಂತ ಒಂದು ವರ್ಷದ ಬಿಲ್ಲು ಇಷ್ಟು ಮೇಲಿತ್ತೆಂದರೆ, ಮುಂದಿನ ತಿಂಗಳುಗಳಲ್ಲಿ ರೆಪೊ ಆರನ್ನು ಮುಟ್ಟಿ ಇನ್ನೂ ಮೇಲೆ ಹೋಗುತ್ತದೆ ಎಂದು ಪೇಟೆ ಲೆಕ್ಕ ಹಾಕಿ ಮುಗಿಸಿದೆ ಎಂದೇ ಅರ್ಥ. ನಿಮಗೆ 'ಇನ್ನೂ ಏರಿಕೆ ಬಾಕಿ ಇದೆ' ಎಂದವರು ತಪ್ಪು ಹೇಳಲಿಲ್ಲ. ಆ ಬುಧವಾರದ ಹರಾಜಿನ ಫಲಿತಾಂಶದಲ್ಲಿ ಎಲ್ಲರಿಗೂ ಕಾಣುವಂತೆ ಬರೆದಿದ್ದುದನ್ನೇ ಹೇಳಿದರು.

2023ರ ಮಾರ್ಚ್ ಹೊತ್ತಿಗೆ ಒಂದು ವರ್ಷದ ಬಿಲ್ಲು 7.3ರ ಬಳಿ, ಹತ್ತು ವರ್ಷದ ಪತ್ರವೂ 7.3ರ ಬಳಿ. ಎರಡು ಅಂಶದ ಅಂತರ ಹದಿನಾಲ್ಕು ತಿಂಗಳಲ್ಲಿ ಕರಗಿಹೋಗಿತ್ತು. ಏರಿಕೆಯ ಭಾರವನ್ನೆಲ್ಲ ಹೊತ್ತದ್ದು ಅಲ್ಪಾವಧಿಯ ತುದಿ. ಇಲ್ಲಿ ಒಂದು ಸೂಕ್ಷ್ಮವಿದೆ. ಅಧಿಕೃತವಾಗಿ ರೆಪೊ ಏರಿದ್ದು 2.50 ಅಂಶ. ಆದರೆ 2022ರ ಆರಂಭದಲ್ಲಿ ಬ್ಯಾಂಕುಗಳಲ್ಲಿ ಲಕ್ಷಾಂತರ ಕೋಟಿ ರೂಪಾಯಿ ಹೆಚ್ಚುವರಿ ನಗದು ತುಂಬಿದ್ದುದರಿಂದ ಒಂದು ರಾತ್ರಿಯ ಸಾಲದ ದರ ರೆಪೊಗೆ ಅಲ್ಲ, ಅದಕ್ಕಿಂತ ಕೆಳಗಿದ್ದ 3.35ರ ರಿವರ್ಸ್ ರೆಪೊಗೆ ಹತ್ತಿರವಾಗಿ ತೇಲುತ್ತಿತ್ತು. ನಗದು ಬತ್ತುತ್ತಾ ಬಂದು ಆ ದರ 6.50ರ ಸಮೀಪಕ್ಕೆ ಸೇರಿದಾಗ ನಿಜವಾದ ಬಿಗಿ ಮೂರು ಅಂಶಗಳಷ್ಟಾಗಿತ್ತು. ಈ ಕಾರಣದಿಂದಲೇ ನಾನು ಏರಿಕೆಯ ಕಾಲದಲ್ಲಿ ರೆಪೊ ಘೋಷಣೆಗಿಂತ ಒಂದು ರಾತ್ರಿಯ ಸಾಲದ ದರ ಎಲ್ಲಿದೆ ಎಂಬುದನ್ನು ಮೊದಲು ನೋಡುತ್ತೇನೆ. ರಿಸರ್ವ್ ಬ್ಯಾಂಕ್ ಅದನ್ನು ಪ್ರತಿ ಕೆಲಸದ ದಿನವೂ ಪ್ರಕಟಿಸುತ್ತದೆ.

ಅಂತರ ಹೀಗೆ ಸಪಾಟಾದದ್ದನ್ನು ಕಂಡಾಗ ಏರಿಕೆ ಮುಗಿಯುವ ಹಂತಕ್ಕೆ ಬಂದಿದೆ ಎಂದು ಓದುವುದು ವಾಡಿಕೆ. 2023ರಲ್ಲಿ ಆ ಓದು ಸರಿಯಾಯಿತು. ಏಪ್ರಿಲ್ 6ರಂದು ಸಮಿತಿ ವಿರಾಮ ಘೋಷಿಸಿತು, ಮುಂದೆ ಸುಮಾರು ಎರಡು ವರ್ಷ ರೆಪೊ 6.50ರಲ್ಲೇ ನಿಂತಿತು. ಆದರೆ ಈ ಒಂದು ಚಿಹ್ನೆಯನ್ನು ಕುರುಡಾಗಿ ನಂಬಬೇಡಿ ಎಂದು ಒತ್ತಿ ಹೇಳಬೇಕಾಗಿದೆ. 2013ರ ಜುಲೈ 15ರ ರಾತ್ರಿ, ಕುಸಿಯುತ್ತಿದ್ದ ರೂಪಾಯಿಯನ್ನು ಹಿಡಿದು ನಿಲ್ಲಿಸಲು ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಬಿಟ್ಟು, ಬ್ಯಾಂಕುಗಳು ತುರ್ತಿಗೆ ಸಾಲ ಪಡೆಯುವ ಮಾರ್ಜಿನಲ್ ಸ್ಟ್ಯಾಂಡಿಂಗ್ ಫೆಸಿಲಿಟಿಯ ದರವನ್ನು ಒಮ್ಮೆಲೇ ಎರಡು ಅಂಶ ಏರಿಸಿ ಶೇ 10.25ಕ್ಕೆ ಒಯ್ದಿತು. 91 ದಿನದ ಬಿಲ್ಲಿನ ಇಳುವರಿ ಶೇ 11ನ್ನು ದಾಟಿತು, ಹತ್ತು ವರ್ಷದ್ದು ಅದಕ್ಕಿಂತ ಕೆಳಗುಳಿಯಿತು. ಅಲ್ಲಿ ಇಳುವರಿ ರೇಖೆ, ಅಂದರೆ ಅಲ್ಪಾವಧಿಯಿಂದ ದೀರ್ಘಾವಧಿಯವರೆಗಿನ ಇಳುವರಿಗಳ ಸಾಲು, ತಲೆಕೆಳಗಾದದ್ದು ಆರ್ಥಿಕತೆಯ ಭವಿಷ್ಯ ಹೇಳಲು ಅಲ್ಲ, ನಗದನ್ನು ಬೇಕೆಂದೇ ಹಿಂಡಿದ್ದರಿಂದ. ಅದನ್ನು ಕಂಡು 'ಶಿಖರ ಬಂತು' ಎಂದು ಜುಲೈನಲ್ಲೇ ದೀರ್ಘಾವಧಿ ಪತ್ರ ಕೊಂಡವರು ಆಗಸ್ಟ್‌ನಲ್ಲಿ ಹತ್ತು ವರ್ಷದ ಇಳುವರಿ ಒಂಬತ್ತನ್ನು ದಾಟುವುದನ್ನು ನೋಡಬೇಕಾಯಿತು. ಅಮೆರಿಕದಲ್ಲಿ 2022ರ ಜುಲೈನಿಂದ ಎರಡು ವರ್ಷದ ಇಳುವರಿ ಹತ್ತು ವರ್ಷದ್ದಕ್ಕಿಂತ ಮೇಲಿತ್ತು, ಮರುವರ್ಷದ ಮಾರ್ಚ್‌ನಲ್ಲಿ ಆ ವ್ಯತ್ಯಾಸ ಒಂದು ಅಂಶವನ್ನೂ ಮೀರಿತು. ಅದು ಆರ್ಥಿಕ ಹಿಂಜರಿತದ ಖಚಿತ ಮುನ್ಸೂಚನೆ ಎಂದು ಎಲ್ಲೆಡೆ ಬರೆಯಲಾಯಿತು. ಆದರೆ 2023ರಲ್ಲಿ ಅಲ್ಲಿ ಹಿಂಜರಿತ ಬರಲಿಲ್ಲ, ಬದಲಿಗೆ ಆ ವರ್ಷದ ಅಕ್ಟೋಬರ್‌ನಲ್ಲಿ ಅಮೆರಿಕದ ಹತ್ತು ವರ್ಷದ ಇಳುವರಿ ಶೇ 5ನ್ನು ಮುಟ್ಟಿತು. ನಮ್ಮಲ್ಲಿ ರೇಖೆ ಸಪಾಟಾಗಲು ಇನ್ನೊಂದು ಕಾರಣವೂ ಇದೆ: ವಿಮಾ ಕಂಪನಿಗಳೂ ಪಿಂಚಣಿ ನಿಧಿಗಳೂ ಮೂವತ್ತು, ನಲವತ್ತು ವರ್ಷದ ಪತ್ರಗಳನ್ನು ಬೆಲೆಯ ಏರಿಳಿತಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳದೆ ಕೊಳ್ಳುತ್ತಿರುತ್ತವೆ. ಹಾಗಾಗಿ ಸಪಾಟಾದ ರೇಖೆ ಕಂಡರೆ, ಅದನ್ನು ಸಪಾಟು ಮಾಡಿದವರು ಯಾರು ಎಂದು ಮೊದಲು ವಿಚಾರಿಸಿ.

ಎರಡನೆಯದಾಗಿ ನೋಡಬೇಕಾದದ್ದು ಪೂರೈಕೆ. ಬಡ್ಡಿದರದ ಸುದ್ದಿಯ ಗದ್ದಲದಲ್ಲಿ ಇದು ಹೆಚ್ಚಾಗಿ ಮರೆತುಹೋಗುತ್ತದೆ. ಕೇಂದ್ರ ಸರ್ಕಾರದ ಸಾಲಪತ್ರಗಳ ಹರಾಜು ಸಾಮಾನ್ಯವಾಗಿ ಶುಕ್ರವಾರ ನಡೆಯುತ್ತದೆ, ಅರ್ಧ ವರ್ಷದ ವೇಳಾಪಟ್ಟಿ ಮೊದಲೇ ಪ್ರಕಟವಾಗುತ್ತದೆ. ಫಲಿತಾಂಶದಲ್ಲಿ ಕಟ್-ಆಫ್ ಇಳುವರಿ, ಅಂದರೆ ಒಪ್ಪಿದ ಬಿಡ್‌ಗಳಲ್ಲಿ ಅತಿ ಹೆಚ್ಚಿನ ಇಳುವರಿ, ಎಂಬ ಸಂಖ್ಯೆ ಇರುತ್ತದೆ. ಹಿಂದಿನ ದಿನದ ಪೇಟೆಯ ಇಳುವರಿಗಿಂತ ಅದು ಮೇಲಿದ್ದರೆ ಕೊಳ್ಳುವವರು ಹೆಚ್ಚು ಕೇಳಿದ್ದಾರೆ ಎಂದು ತಿಳಿಯಬೇಕು. ಸಾಕಷ್ಟು ಒಪ್ಪಿತ ಬಿಡ್‌ಗಳು ಬರದಿದ್ದರೆ ಉಳಿದ ಪತ್ರಗಳು ಪ್ರೈಮರಿ ಡೀಲರುಗಳ (ಹರಾಜಿನಲ್ಲಿ ಉಳಿದದ್ದನ್ನು ಕೊಳ್ಳಲು ಒಪ್ಪಿಕೊಂಡಿರುವ ಸಂಸ್ಥೆಗಳ) ಪಾಲಿಗೆ ಬೀಳುತ್ತವೆ. 2021ರಲ್ಲಿ ರಿಸರ್ವ್ ಬ್ಯಾಂಕ್ ಇಳುವರಿಯನ್ನು ತಗ್ಗಿಸಿ ಇಡಲು ಪ್ರಯತ್ನಿಸುತ್ತಿದ್ದಾಗ ಹೀಗೆ ಹಲವು ಸಲ ಆಯಿತು. ರೆಪೊ ದರ ಶೇ 4ರಲ್ಲಿ ಅಲುಗಾಡದೆ ನಿಂತಿದ್ದ ಕಾಲದಲ್ಲಿ ಪೇಟೆ ರಿಸರ್ವ್ ಬ್ಯಾಂಕ್ ಬಯಸಿದ ಇಳುವರಿಗೆ ಸಾಲ ಕೊಡಲು ಹಿಂಜರಿಯುತ್ತಿದೆ ಎಂದು ಹೇಳಿದ ಮೊದಲ ಸಾಕ್ಷಿ ಅದೇ ಆಗಿತ್ತೆಂದು ನನ್ನ ಅಭಿಪ್ರಾಯ. ಇದಕ್ಕೆ ಪೂರಕವಾಗಿ 2023ರ ಅಕ್ಟೋಬರ್ 6ನ್ನೂ ನೆನಪಿಡಿ. ಅಂದು ರೆಪೊ ಬದಲಾಗಲಿಲ್ಲ. ಆದರೆ ನಗದನ್ನು ಹಿಡಿತದಲ್ಲಿಡಲು ರಿಸರ್ವ್ ಬ್ಯಾಂಕ್ ತನ್ನ ಬಳಿಯ ಸಾಲಪತ್ರಗಳನ್ನು ಮುಕ್ತ ಮಾರುಕಟ್ಟೆಯಲ್ಲಿ ಮಾರಬೇಕಾಗಬಹುದು ಎಂಬ ಒಂದು ವಾಕ್ಯ ಗವರ್ನರ್ ಅವರ ಹೇಳಿಕೆಯಲ್ಲಿತ್ತು. ಆ ಒಂದು ವಾಕ್ಯಕ್ಕೆ ಹತ್ತು ವರ್ಷದ ಇಳುವರಿ ಅಂದೇ 0.10ಕ್ಕಿಂತ ಹೆಚ್ಚು ಏರಿತು.

ಹಣದುಬ್ಬರದ ಬಗ್ಗೆ ನಿಮಗೆ ಹೆಚ್ಚು ಹೇಳಬೇಕಾಗಿಲ್ಲ. 2022ರ ಏಪ್ರಿಲ್‌ನಲ್ಲಿ ಗ್ರಾಹಕ ಬೆಲೆ ಸೂಚ್ಯಂಕದ ಹಣದುಬ್ಬರ ಶೇ 7.79 ಇತ್ತು, ರಿಸರ್ವ್ ಬ್ಯಾಂಕಿಗೆ ಕೊಟ್ಟಿರುವ ಗುರಿ ಶೇ 4, ಅದರ ಎರಡು ಅಂಶ ಮೇಲೆ ಅಥವಾ ಕೆಳಗೆ ಸಹನೆಯ ಮಿತಿ. ನೋಡಬೇಕಾದದ್ದು ಈ ತಿಂಗಳ ಸಂಖ್ಯೆಯನ್ನಲ್ಲ, ಮುಂದಿನ ಒಂದು ವರ್ಷಕ್ಕೆ ಸಮಿತಿ ಕೊಡುವ ಅಂದಾಜನ್ನು, ಮತ್ತು ಪ್ರತಿ ಸಭೆಯಲ್ಲೂ ಆ ಅಂದಾಜು ಮೇಲಕ್ಕೆ ತಿದ್ದಲ್ಪಡುತ್ತಿದೆಯೇ, ಕೆಳಕ್ಕೆಯೇ ಎಂಬುದನ್ನು.

ಇದೇ ತರ್ಕ ತಿರುಗಿ ಕೆಲಸ ಮಾಡಿದ್ದನ್ನು 2025ರಲ್ಲಿ ಕಂಡೆವು, ಮತ್ತು ಅದು ನಿಮ್ಮ ಅನುಭವಕ್ಕೆ ಹಿಡಿದ ಕನ್ನಡಿಯಂತಿದೆ. ಆ ವರ್ಷ ಫೆಬ್ರವರಿ, ಏಪ್ರಿಲ್, ಜೂನ್ ಮೂರು ಸಭೆಗಳಲ್ಲಿ ರೆಪೊ 6.50ರಿಂದ 5.50ಕ್ಕೆ ಇಳಿಯಿತು. ಜೂನ್ 6ರಂದು ಒಮ್ಮೆಲೇ ಅರ್ಧ ಅಂಶ ಇಳಿಸಿ, ನಗದು ಮೀಸಲು ಅನುಪಾತವನ್ನೂ ಹಂತಹಂತವಾಗಿ ಒಂದು ಅಂಶ ತಗ್ಗಿಸುವುದಾಗಿ ರಿಸರ್ವ್ ಬ್ಯಾಂಕ್ ಹೇಳಿತು. ಆದರೆ ಅದೇ ದಿನ ನೀತಿಯ ನಿಲುವನ್ನು ಉದಾರದಿಂದ ತಟಸ್ಥಕ್ಕೆ ಬದಲಿಸಿತು. ಇನ್ನು ಮುಂದೆ ಇಳಿಕೆಗೆ ಹೆಚ್ಚು ಜಾಗವಿಲ್ಲ ಎಂದು ಪೇಟೆ ಇದನ್ನು ಓದಿಕೊಂಡಿತು. ದೊಡ್ಡ ಇಳಿಕೆಯ ದಿನದಿಂದಲೇ ಹತ್ತು ವರ್ಷದ ಇಳುವರಿ ಏರತೊಡಗಿ, ಆಗಸ್ಟ್ ಕೊನೆಯ ಹೊತ್ತಿಗೆ 6.6ರ ಸಮೀಪಕ್ಕೆ ಬಂದಿತು. ರೆಪೊ ಇಳಿದಿದೆ, ಬಾಂಡ್ ಫಂಡ್ ಕೊಂಡರೆ ಲಾಭ ಎಂದು ಜೂನ್‌ನಲ್ಲಿ ಧಾವಿಸಿದವರಿಗೆ, 2022ರ ಜೂನ್‌ನಲ್ಲಿ ನಿಮಗಾದದ್ದೇ ಬೇರೆ ದಿಕ್ಕಿನಿಂದ ಆಯಿತು.

ಇಷ್ಟೆಲ್ಲ ಓದಿದ ಮೇಲೂ ದಿಕ್ಕನ್ನು ಸರಿಯಾಗಿ ಊಹಿಸುವುದು ವೃತ್ತಿಯವರಿಗೂ ಕಷ್ಟ. ಆದ್ದರಿಂದ ಊಹೆ ತಪ್ಪಿದರೆ ಎಷ್ಟು ತಡೆದುಕೊಳ್ಳಬಲ್ಲೆ ಎಂಬ ಲೆಕ್ಕವನ್ನು ನಾನು ಹೆಚ್ಚು ನೆಚ್ಚುತ್ತೇನೆ. ಪ್ರತಿ ಸಾಲನಿಧಿಯ ಮಾಸಿಕ ವಿವರಪತ್ರದಲ್ಲಿ ಎರಡು ಸಂಖ್ಯೆಗಳಿರುತ್ತವೆ: ಮುಕ್ತಾಯದವರೆಗಿನ ಇಳುವರಿ ಮತ್ತು ಮಾಡಿಫೈಡ್ ಡ್ಯುರೇಷನ್. ಎರಡನೆಯದು, ಇಳುವರಿ ಒಂದು ಅಂಶ ಏರಿದರೆ ಬೆಲೆ ನೂರಕ್ಕೆ ಎಷ್ಟು ಇಳಿಯುತ್ತದೆ ಎಂಬುದರ ಅಳತೆ. ಹತ್ತು ವರ್ಷದ ಪತ್ರಕ್ಕೆ ಅದು ಹೆಚ್ಚುಕಡಿಮೆ ಏಳು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಬಂದ ಉತ್ತರ, ಒಂದು ವರ್ಷದಲ್ಲಿ ಇಳುವರಿ ಎಷ್ಟು ಏರಿದರೆ ನಿಮ್ಮ ಆ ವರ್ಷದ ಬಡ್ಡಿ ಪೂರ್ತಿ ಕೊಚ್ಚಿಹೋಗುತ್ತದೆ ಎಂಬುದರ ಒರಟು ಅಂದಾಜು. 2020ರ ಜುಲೈನಲ್ಲಿ ಹತ್ತು ವರ್ಷದ ಇಳುವರಿ 5.8ರ ಸುತ್ತ ಇದ್ದಾಗ ಏರಿಕೆಯ ಪೆಟ್ಟನ್ನು ತಡೆಯುವ ಈ ಮೆತ್ತೆ 0.8 ಮಾತ್ರ. ನೀವು ಕೊಂಡ ಕಾಲದಲ್ಲಿ ಸುಮಾರು 0.9, ಏರಿಕೆ 1.15 ಆದದ್ದರಿಂದ ಅದು ಸಾಲದೆ ಹೋಯಿತು. ನೀವು ಮಾರಿದ ದಿನ 7.6ನ್ನು ಏಳರಿಂದ ಭಾಗಿಸಿದರೆ ಸುಮಾರು 1.1. ಅಂದರೆ ಅಲ್ಲಿಂದ ಇಳುವರಿ 8.7ರವರೆಗೆ ಏರಿದರೂ ಒಂದು ವರ್ಷದ ಕೊನೆಗೆ ನಿಮ್ಮ ಅಸಲು ಉಳಿಯುತ್ತಿತ್ತು. ವಾಸ್ತವದಲ್ಲಿ ಅದು ಮರುವರ್ಷದ ಜೂನ್‌ಗೆ 7.05ರ ಆಸುಪಾಸಿಗೆ ಇಳಿಯಿತು. 93ಕ್ಕೆ ತುಸು ಕಡಿಮೆ ಬೆಲೆಯಲ್ಲಿದ್ದ ಆ 6.54ರ ಪತ್ರ ಲೆಕ್ಕದ ಪ್ರಕಾರ 96.7ರ ಬಳಿಗೆ ಬಂದಿರುತ್ತದೆ, ಅದರ ಮೇಲೆ ವರ್ಷದ ಬಡ್ಡಿ 6.54, ಒಟ್ಟು ಶೇ 11ರಷ್ಟು ಗಳಿಕೆ. ಹಿಂತಿರುಗಿ ನೋಡಿ ಹೇಳುವುದು ಸುಲಭ ಎಂದು ನೀವು ಅನ್ನಬಹುದು, ಅದು ಸರಿಯೇ. ಆದರೆ 1.1 ಎಂಬ ಭಾಗಲಬ್ಧ ಆ ದಿನವೇ ನಿಮ್ಮ ಕೈಗೆ ಸಿಗುವಂತಿತ್ತು, ಮತ್ತು ನೀವು ಕೊಂಡ ದಿನಕ್ಕಿಂತ ಮಾರಿದ ದಿನ ಆ ಫಂಡ್ ಹೆಚ್ಚು ಸುರಕ್ಷಿತ ಎಂಬುದನ್ನು ಅದು ಹೇಳುತ್ತಿತ್ತು.

'ಮಾರುವವರೆಗೂ ಅದು ಕಾಗದದ ನಷ್ಟವಷ್ಟೇ' ಎಂಬ ಸಮಾಧಾನವನ್ನು ನಿಮಗೆ ಕೆಲವರು ಹೇಳಿರಬಹುದು. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. 6.54ರ ಪತ್ರವನ್ನು 2032ರವರೆಗೆ ಇಟ್ಟುಕೊಂಡವರಿಗೆ ನೂರು ರೂಪಾಯಿ ಮರಳುತ್ತದೆ ನಿಜ. ಆದರೆ ಪಕ್ಕದವರು ಏಳೂಕಾಲು ಪಡೆಯುವ ವರ್ಷಗಳಲ್ಲೂ ಅವರು ಆರೂವರೆಯನ್ನೇ ಪಡೆಯುತ್ತಾರೆ. ನಷ್ಟ ಮಾಯವಾಗಿಲ್ಲ, ವರ್ಷಗಳಿಗೆ ಹಂಚಿಹೋಗಿದೆ. ಇಟ್ಟುಕೊಳ್ಳಲು ಸಾಧ್ಯವಿರುವವರಿಗೆ ಅದು ಸಹ್ಯ, ನಡುವೆ ಹಣ ಬೇಕಾದವರಿಗೆ ಅಲ್ಲ. ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ 2023ರ ಮಾರ್ಚ್ 10ರಂದು ಮುಚ್ಚಿದ್ದು ಈ ಕಾರಣದಿಂದಲೇ: ಅದರ ಬಳಿ ಇದ್ದ ದೀರ್ಘಾವಧಿ ಪತ್ರಗಳಲ್ಲಿ ಬಹುಪಾಲು ಸರ್ಕಾರದ ಭರವಸೆ ಇದ್ದವು, ಆದರೆ ಠೇವಣಿದಾರರು ಒಮ್ಮೆಲೇ ಹಣ ಕೇಳಿದಾಗ ಅವನ್ನು ಇಳಿದ ಬೆಲೆಗೆ ಮಾರದೆ ಗತಿಯಿರಲಿಲ್ಲ.

ನಿಮ್ಮ ಫಂಡಿಗೆ ಇನ್ನೊಂದು ತೊಡಕಿದೆ, ಅದಕ್ಕೆ ಮುಕ್ತಾಯವೇ ಇಲ್ಲ. ವ್ಯವಸ್ಥಾಪಕರು ಹಳೆಯ ಪತ್ರ ಮಾರಿ ಹೊಸದನ್ನು ಕೊಳ್ಳುತ್ತಾ ಹೋಗುವುದರಿಂದ ನೀವು ಎಷ್ಟು ವರ್ಷ ಕಾದರೂ ಡ್ಯುರೇಷನ್ ಕರಗದೆ ಉಳಿಯಬಹುದು. ಇಂಥ ದಿನಕ್ಕೆ ಮುಗಿಯುತ್ತದೆ ಎಂದು ಗೊತ್ತಿರುವ ಟಾರ್ಗೆಟ್ ಮೆಚ್ಯುರಿಟಿ ಫಂಡುಗಳಲ್ಲಿ ಅಥವಾ ನೇರವಾಗಿ ಕೊಂಡ ಸಾಲಪತ್ರದಲ್ಲಿ ಪ್ರತಿ ವರ್ಷವೂ ಡ್ಯುರೇಷನ್ ತಗ್ಗುತ್ತಾ ಬರುತ್ತದೆ. ಏರಿಕೆಯ ಕಾಲದ ಪೆಟ್ಟು ತಾನಾಗಿ ಮಾಯುತ್ತದೆ. ನೇರವಾಗಿ ಕೊಳ್ಳಲು 2021ರ ನವೆಂಬರ್‌ನಲ್ಲಿ ಆರಂಭವಾದ ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್ ಖಾತೆ ಇದೆ. ಅದರಲ್ಲಿ ಶುಕ್ರವಾರದ ಕೇಂದ್ರದ ಹರಾಜಿನಲ್ಲಿ ಮಾತ್ರವಲ್ಲ, ಕರ್ನಾಟಕ ಸೇರಿದಂತೆ ರಾಜ್ಯಗಳ ಸಾಲಪತ್ರಗಳ ಮಂಗಳವಾರದ ಹರಾಜಿನಲ್ಲೂ ದರ ಸೂಚಿಸದೆ ಭಾಗವಹಿಸಬಹುದು. ರಾಜ್ಯಗಳ ಪತ್ರಗಳು ಅದೇ ಅವಧಿಯ ಕೇಂದ್ರದ ಪತ್ರಗಳಿಗಿಂತ ಸ್ವಲ್ಪ ಹೆಚ್ಚು ಇಳುವರಿ ಕೊಡುತ್ತವೆ, ಆದರೆ ನಡುವೆ ಮಾರಹೊರಟರೆ ಕೊಳ್ಳುವವರು ಕಡಿಮೆ. ಏರಿಕೆಯ ಕಾಲಕ್ಕೆಂದೇ ಹೇಳಿಮಾಡಿಸಿದಂತಿರುವುದು ರಿಸರ್ವ್ ಬ್ಯಾಂಕ್ ಹೊರಡಿಸುವ ಭಾರತ ಸರ್ಕಾರದ ಬದಲಾಗುವ ದರದ ಉಳಿತಾಯ ಬಾಂಡ್. ಏಳು ವರ್ಷದ ಈ ಬಾಂಡಿನ ಬಡ್ಡಿ ರಾಷ್ಟ್ರೀಯ ಉಳಿತಾಯ ಪತ್ರದ ದರಕ್ಕಿಂತ 0.35 ಹೆಚ್ಚು, ಜನವರಿ 1 ಮತ್ತು ಜುಲೈ 1ರಂದು ಮರುನಿಗದಿಯಾಗುತ್ತದೆ. 2022ರಲ್ಲಿ 7.15 ಇದ್ದದ್ದು 2023ರ ಜುಲೈನಲ್ಲಿ 8.05 ಆಯಿತು, ಅಸಲಿನ ಬೆಲೆ ಏರಿಳಿಯುವ ಪ್ರಶ್ನೆಯೇ ಇಲ್ಲ. ಆದರೆ ಅದನ್ನು ಪೇಟೆಯಲ್ಲಿ ಮಾರಲಾಗದು.

ಇಷ್ಟು ಓದಿದ ಮೇಲೆ ನಿಮಗೆ ಒಂದು ಸಂಶಯ ಬರಬಹುದು: 2023ರ ಮಾರ್ಚ್‌ನಲ್ಲಿದ್ದಂತೆ ಒಂದು ವರ್ಷದ ಪತ್ರವೂ ಹತ್ತು ವರ್ಷದ್ದೂ ಒಂದೇ ಇಳುವರಿ ಕೊಡುವಾಗ ದೀರ್ಘಾವಧಿಯ ಅಪಾಯವನ್ನು ಯಾಕಾದರೂ ಹೊರಬೇಕು? ಆ ಹಣ ಎರಡು ವರ್ಷದೊಳಗೆ ಮನೆಯ ದುರಸ್ತಿಗೋ ಚಿಕಿತ್ಸೆಗೋ ಬೇಕಾಗಿದ್ದರೆ ಹೊರಬೇಕಾಗಿಲ್ಲ. ಹಾಗಲ್ಲದೆ ಮುಂದಿನ ಹತ್ತು ವರ್ಷ ತಿಂಗಳ ಖರ್ಚಿಗೆ ಅದೇ ಆಧಾರವಾಗಿದ್ದರೆ, ಅಲ್ಪಾವಧಿಯ ಪತ್ರದಲ್ಲೂ ಒಂದು ಅಪಾಯವಿದೆ: ಅದು ಮುಗಿದ ದಿನ ಮರಳಿ ಯಾವ ದರಕ್ಕೆ ಹೂಡುತ್ತೀರಿ ಎಂಬುದು ನಿಮ್ಮ ಕೈಯಲ್ಲಿಲ್ಲ. ಅಂದು 364 ದಿನದ ಬಿಲ್ಲನ್ನು 7.3ಕ್ಕೆ ಕೊಂಡು ಪ್ರತಿ ವರ್ಷ ನವೀಕರಿಸುತ್ತಾ ಬಂದವರು 2025ರ ಮಾರ್ಚ್‌ನಲ್ಲಿ 6.5ರ ಆಸುಪಾಸಿನ ಇಳುವರಿಗೆ ಒಪ್ಪಬೇಕಾಯಿತು. 2023ರ ಆ ಮಾರ್ಚ್‌ನಲ್ಲೇ, 2033ರಲ್ಲಿ ಮುಗಿಯುವ, ಶೇ 7.26 ಕೂಪನ್ನಿನ ಪತ್ರ ಕೊಂಡವರಿಗೆ ನೂರು ರೂಪಾಯಿ ಮುಖಬೆಲೆಗೆ ಈಗಲೂ ಅರ್ಧ ವರ್ಷಕ್ಕೊಮ್ಮೆ 3.63 ರೂಪಾಯಿ ಬರುತ್ತಿದೆ.